ಹಳೆಯ ಹೆಡ್‌ಫೋನಿಗೆ ಹೊಸ ದನಿ



ಗಟ್ಟು, ಐಜ, ಗದ್ವಾಲ ಈ ಸೀಮೆಯಲ್ಲಿ ಕನ್ನಡ ಇಂದು ನಿನ್ನೆಯದಲ್ಲ. 1956ರ ನವೆಂಬರ್ 1ರವರೆಗೆ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆಮೇಲೆ ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಹಾಡುವ ಪದಗಳು ಮಾತ್ರ ಹಾಗೇ ಉಳಿದವು. ಐಜದ ಕಡೆಯ ಉತ್ತನೂರು ಗೋಪಾಲದಾಸರ ಊರು. ವಿಜಯದಾಸರ ಶಿಷ್ಯರು, ಮಾನ್ವಿಯ ಜಗನ್ನಾಥದಾಸರಿಗೆ ಗುರುಗಳು ಅವರು. ಅವರ ಪದಗಳನ್ನು ಹಾಡುವ ಭಜನೆಯ ಮನೆಗಳಲ್ಲಿ ಹಿಂದೆ ಕ್ಯಾಸೆಟ್ಟಿನಲ್ಲಿದ್ದ ದನಿ ಈಗ ಫೋನಿಗೆ ಬಂದಿದೆ. ಕೇಳುವುದು ಹೆಚ್ಚಾಗಿ ಹೆಡ್‌ಫೋನಿನಲ್ಲಿ, ಅದೂ ನಾಲ್ಕಾರು ವರ್ಷ ಕೈಯಿಂದ ಕೈಗೆ ಬಂದ ಹೆಡ್‌ಫೋನಿನಲ್ಲಿ. ಹಾಡುವವರು ಕಂಬಳಿ ಹೊದ್ದುಕೊಂಡು ಹಾಡುತ್ತಿದ್ದಾರೇನೋ ಎಂಬಷ್ಟು ದನಿ ಮಬ್ಬು ಎಂಬುದು ಹಲವರ ದೂರು. ಹೊಸದನ್ನು ಕೊಳ್ಳುವ ಮೊದಲು ಒಂದು ಮಾತು ಕೇಳಿ. ಆ ಮಬ್ಬಿನ ಬಹುಭಾಗವನ್ನು ಕಾಸಿಲ್ಲದೆ ಸರಿಪಡಿಸಬಹುದು.

ಮನುಷ್ಯನ ಎಳೆಯ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ನಾದ ಕೇಳಿಸುತ್ತದೆ. ಕಂಪನಗಳ ಈ ಲೆಕ್ಕಕ್ಕೆ ಹರ್ಟ್ಜ್ ಎನ್ನುತ್ತೇವೆ. ಹೆಡ್‌ಫೋನಿನ ಒಳಗೆ ಒಂದು ಅಯಸ್ಕಾಂತ, ಸಣ್ಣ ತಂತಿಯ ಸುರುಳಿ, ಅದಕ್ಕೆ ಅಂಟಿದ ತೆಳುವಾದ ಪೊರೆ ಇರುತ್ತವೆ. ಈ ಪೊರೆ ಎಲ್ಲ ನಾದವನ್ನೂ ಒಂದೇ ಬಲದಿಂದ ಕೊಡುವುದಿಲ್ಲ. ಒಂದು ಹೆಡ್‌ಫೋನಿನಲ್ಲಿ ಮಂದ್ರ ಉಬ್ಬಿರುತ್ತದೆ, ಇನ್ನೊಂದರಲ್ಲಿ ನಡುವಿನ ದನಿ ಕುಗ್ಗಿರುತ್ತದೆ, ಮತ್ತೊಂದರಲ್ಲಿ ಮೇಲಿನ ಸದ್ದು ಚುಚ್ಚುತ್ತದೆ. ಈ ಉಬ್ಬುತಗ್ಗುಗಳನ್ನು ಗೆರೆಯಾಗಿ ಬರೆದರೆ ಪ್ರತಿ ಹೆಡ್‌ಫೋನಿಗೂ ಒಂದು ಆಕಾರ ಸಿಗುತ್ತದೆ. ಉಬ್ಬಿದ ಕಡೆ ಇಳಿಸಿ, ತಗ್ಗಿದ ಕಡೆ ಏರಿಸಿ ಕಳಿಸಿದರೆ ಕಿವಿಗೆ ತಲಪುವ ಹೊತ್ತಿಗೆ ಎರಡೂ ಸರಿಹೋಗುತ್ತವೆ. ಈಕ್ವಲೈಜರ್ ಮಾಡುವುದು ಇಷ್ಟೇ ಕೆಲಸ.

ಇದು ಹೊಸ ವಿದ್ಯೆಯೂ ಅಲ್ಲ. ದೂರದ ಟೆಲಿಫೋನ್ ತಂತಿ ಮೇಲಿನ ಸ್ವರಗಳನ್ನು ನುಂಗಿಹಾಕುತ್ತಿತ್ತು. ಅದನ್ನು ತುಂಬಿಕೊಡಲು ಎಂಜಿನಿಯರುಗಳು ತಂತಿಯ ಕೊನೆಯಲ್ಲಿ ಇಂಥ ವಿದ್ಯುತ್ ಮಂಡಲ ಕೂಡಿಸುತ್ತಿದ್ದರು. 1954ರಲ್ಲಿ ಒಂದು ಮಾನಕ್ಕೆ ಬಂದ ಗ್ರಾಮಫೋನ್ ತಟ್ಟೆಗಳಲ್ಲಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ, ನುಡಿಸುವಾಗ ಅದನ್ನೇ ತಿರುವಿ ಹಾಕುತ್ತಾರೆ. ನನ್ನ ಈ ಮಾತನ್ನು ನೀವು ಎಫ್‌ಎಂನಲ್ಲಿ ಕೇಳುತ್ತಿದ್ದರೆ, ಪ್ರಸಾರ ಕೇಂದ್ರದಲ್ಲಿ ನನ್ನ ದನಿಯ ಮೇಲಿನ ಭಾಗ ಏರಿದೆ, ನಿಮ್ಮ ರೇಡಿಯೊದಲ್ಲಿ ಅಷ್ಟೇ ಇಳಿದಿದೆ. ನಡುವೆ ಸೇರಿದ ಸುಸ್ಸೆನ್ನುವ ಸದ್ದೂ ಅದರ ಜೊತೆಗೇ ಇಳಿದುಹೋಗಿದೆ.

ಸಾಫ್ಟ್‌ವೇರಿಗೆ ಕೈಹಾಕುವ ಮೊದಲು ಹೆಡ್‌ಫೋನನ್ನೇ ಒಮ್ಮೆ ನೋಡಿ. ಹಳೆಯದಾದಾಗ ಮೊದಲು ಸೋಲುವುದು ಪೊರೆಯಲ್ಲ, ಕಿವಿಯ ಸುತ್ತ ಕೂರುವ ಮೆತ್ತೆ. ನಮ್ಮ ಕಡೆಯ ಬಿಸಿಲಿಗೆ, ಬೆವರಿಗೆ ಅದರ ಹೊದಿಕೆ ಸಿಪ್ಪೆಯೇಳುತ್ತದೆ, ಒಳಗಿನ ಸ್ಪಂಜು ಚಪ್ಪಟೆಯಾಗುತ್ತದೆ. ಸಂದಿನಿಂದ ಗಾಳಿ ಸೋರುತ್ತದೆ, ಗಾಳಿಯ ಜೊತೆ ಮಂದ್ರವೂ ಸೋರುತ್ತದೆ. ಪರೀಕ್ಷೆ ಸುಲಭ. ತಂಬೂರಿ ಇರುವ ಹಾಡೊಂದನ್ನು ಹಚ್ಚಿ, ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಕಿವಿಗೆ ಒತ್ತಿ. ತಟ್ಟನೆ ಕೆಳಗಿನ ನಾದ ತುಂಬಿಕೊಂಡರೆ ತಪ್ಪು ಮೆತ್ತೆಯದು. ಅದನ್ನು ಬದಲಿಸಿ, ಹೊಸ ಹೆಡ್‌ಫೋನಿನ ಬೆಲೆಗೆ ಹೋಲಿಸಿದರೆ ಅದು ಚಿಲ್ಲರೆ ಖರ್ಚು. ಮೆತ್ತೆ ಹರಿದಿರುವಾಗ ಸಾಫ್ಟ್‌ವೇರಿನಿಂದ ಮಂದ್ರ ಏರಿಸುವುದು ಸರಿಯಾದ ದಾರಿಯಲ್ಲ. ಸೋರುವ ಜಾಗ ಸೋರುತ್ತಲೇ ಇರುತ್ತದೆ, ಪೊರೆ ಸುಮ್ಮನೆ ಬಳಲುತ್ತದೆ.

ಈಗ ಸಾಫ್ಟ್‌ವೇರಿನ ಮಾತು. ವಿಂಡೋಸ್ ಕಂಪ್ಯೂಟರಿಗೆ ಈಕ್ವಲೈಜರ್ ಎಪಿಒ, ಲಿನಕ್ಸಿಗೆ ಈಸಿ ಎಫೆಕ್ಟ್ಸ್, ಆಂಡ್ರಾಯ್ಡ್ ಫೋನಿಗೆ ವೇವ್‌ಲೆಟ್ ಇವೆ. ಎಷ್ಟೋ ಫೋನುಗಳ ಸೌಂಡ್ ಸೆಟ್ಟಿಂಗಿನಲ್ಲೇ ಮೇಲೆ ಕೆಳಗೆ ಸರಿಸುವ ಐದಾರು ಕಡ್ಡಿಗಳ ಈಕ್ವಲೈಜರ್ ಅಡಗಿರುತ್ತದೆ. ಯಾಕ್ಕೊ ಪಸನೆನ್ ಎಂಬವರು ಆಟೊಈಕ್ಯು ಎಂಬ ಹೆಸರಿನಲ್ಲಿ ಸಾವಿರಾರು ಮಾದರಿಯ ಹೆಡ್‌ಫೋನುಗಳ ಅಳತೆಯಿಂದ ಲೆಕ್ಕ ಹಾಕಿದ ತಿದ್ದುಪಡಿಗಳನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ತಿದ್ದುವುದಕ್ಕೆ ಗುರಿಯೂ ಬೇಕಲ್ಲ? ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಜೊತೆಗಾರರು ಬಹಳ ಜನ ಕೇಳುಗರನ್ನು ಕೂಡಿಸಿ ಪರೀಕ್ಷೆ ಮಾಡಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರ್ ಕೇಳಿಸುವ ಬಗೆಯ ನಾದವೇ ಹೆಚ್ಚು ಜನಕ್ಕೆ ಹಿಡಿಸಿತು. ಆ ನಾದದ ಗೆರೆಯೇ ಈಗ ಬಹುತೇಕ ತಿದ್ದುಪಡಿಗಳ ಗುರಿ. ನಿಮ್ಮ ಹೆಡ್‌ಫೋನಿನ ಹೆಸರು ಆಟೊಈಕ್ಯು ಪಟ್ಟಿಯಲ್ಲಿದ್ದರೆ ಅಲ್ಲಿನ ತಿದ್ದುಪಡಿಯನ್ನೇ ಹಾಕಿಕೊಂಡು ನೋಡಿ. ಅಳೆದದ್ದು ನಿಮ್ಮ ಕೈಯಲ್ಲಿರುವ ಹಳೆಯ ಜೋಡಿಯನ್ನಲ್ಲ ಎಂಬುದು ಮಾತ್ರ ನೆನಪಿರಲಿ. ಆಮೇಲಿನ ನಾಲ್ಕಾಣೆಯ ತಿದ್ದುಪಡಿ ನಿಮ್ಮ ಕಿವಿಯ ಪಾಲು.

ಪಟ್ಟಿಯಲ್ಲಿ ಇಲ್ಲದಿದ್ದರೆ ಭಜನೆಯ ಹಾಡೇ ಸಾಕು. ಇದಕ್ಕಿಂತ ಒಳ್ಳೆಯ ಪರೀಕ್ಷೆಯ ಸಾಮಗ್ರಿಯನ್ನು ನಾನು ಕಾಣೆ. ಕೆಳಗೆ ತಬಲಾದ ಎಡದ ಗುಮ್ಮು ಮತ್ತು ತಂಬೂರಿ, ನಡುವೆ ಮನುಷ್ಯರ ದನಿ, ಮೇಲೆ ತಾಳ ಮತ್ತು ಚಿಟಿಕೆ; ಇಡೀ ಹರವು ಒಂದೇ ಹಾಡಿನಲ್ಲಿ ಸಿಗುತ್ತದೆ. ಹಾಡುವವರ ದನಿ ಗುಡಾಣದೊಳಗಿಂದ ಬಂದಂತಿದ್ದರೆ 200ರಿಂದ 300 ಹರ್ಟ್ಜ್ ಆಸುಪಾಸಿನಲ್ಲಿ ಎರಡು ಮೂರು ಡೆಸಿಬೆಲ್, ಅಂದರೆ ಸದ್ದಿನ ಮಟ್ಟದ ಅಳತೆಯಲ್ಲಿ ಅಷ್ಟು, ಇಳಿಸಿ. ಪದದ ಅಕ್ಷರಗಳು ಸ್ಪಷ್ಟವಾಗದಿದ್ದರೆ 2,000ದಿಂದ 4,000ದ ನಡುವೆ ಸ್ವಲ್ಪ ಏರಿಸಿ. ಸಕಾರ ಬಂದಾಗಲೆಲ್ಲ ಕಿವಿ ಚುಚ್ಚಿದರೆ 6,000ದಿಂದ 8,000ದ ಕಡೆ ಇಳಿಸಿ. ಒಂದು ಸಲಕ್ಕೆ ಒಂದೇ ಕಡ್ಡಿ ಮುಟ್ಟಿ. ಆದಷ್ಟೂ ಇಳಿಸುವ ಕಡೆಯಿಂದಲೇ ಹೊರಡಿ.

ಹೀಗೆನ್ನಲು ಕಾರಣವಿದೆ. ಡಿಜಿಟಲ್ ಧ್ವನಿಗೆ ಒಂದು ಮೇಲ್ಮಿತಿ ಉಂಟು. ಅದನ್ನು ದಾಟಿದ ಅಲೆಯ ತುದಿ ಕತ್ತರಿಸಿಹೋಗಿ ದನಿ ಹರಿದಂತೆ ಕೇಳುತ್ತದೆ. ಆದ್ದರಿಂದ ಎಲ್ಲಾದರೂ 4 ಡೆಸಿಬೆಲ್ ಏರಿಸಿದರೆ ಪ್ರೀಆಂಪ್ ಎಂಬ ಕಡ್ಡಿಯನ್ನು ಅಷ್ಟೇ ಕೆಳಗಿಳಿಸಬೇಕು. ಇನ್ನೊಂದು ಲೆಕ್ಕವಿದೆ. 6 ಡೆಸಿಬೆಲ್ ಏರಿಸಿದರೆ ಸುರುಳಿಗೆ ಹೋಗುವ ವಿದ್ಯುತ್ ಶಕ್ತಿ ನಾಲ್ಕು ಪಟ್ಟಾಗುತ್ತದೆ, 12 ಏರಿಸಿದರೆ ಹದಿನಾರು ಪಟ್ಟು. ಸಣ್ಣ ಪೊರೆ ಅದನ್ನು ತಡೆಯಲಾರದೆ ಗಡಗಡಿಸುತ್ತದೆ.

ಕಿವಿಯ ಸ್ವಭಾವವನ್ನೂ ತಿಳಿದಿರಬೇಕು. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟಂತೆ, ಸದ್ದು ಕಡಿಮೆಯಿದ್ದಾಗ ನಮಗೆ ಮಂದ್ರ ಇನ್ನೂ ಕಡಿಮೆ ಕೇಳುತ್ತದೆ. ನೀವು ದಿನಾ ಎಷ್ಟು ಸದ್ದಿನಲ್ಲಿ ಕೇಳುತ್ತೀರೋ ಅಷ್ಟರಲ್ಲೇ ಹೊಂದಿಸಿ. ಎರಡು ದನಿಗಳಲ್ಲಿ ತುಸು ಜೋರಾದದ್ದೇ ಚೆನ್ನ ಎಂದು ಕಿವಿ ಮೋಸಹೋಗುತ್ತದೆ. ಹಾಗಾಗಿ ಈಕ್ವಲೈಜರ್ ಹಾಕಿ, ತೆಗೆದು ಹೋಲಿಸುವಾಗ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ.

ಆಗದ ಕೆಲಸಗಳೂ ಇವೆ. ಬುಡದಲ್ಲಿ ಕಡಿದ ತಂತಿಗೆ ಬೆಸುಗೆಯೇ ಮದ್ದು. ಹರಿದ ಪೊರೆಯ ಕರಕರ ಸದ್ದು ಯಾವ ಕಡ್ಡಿಗೂ ಬಗ್ಗದು. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಪದದಲ್ಲಿ ಮೇಲಿನ ನಾದ ಮೊದಲೇ ಸವೆದಿದ್ದರೆ, ಅಲ್ಲಿ ಏರಿಸಿದಷ್ಟೂ ಟೇಪಿನ ಸುಸ್ಸೆನ್ನುವ ಸದ್ದೇ ಏರುತ್ತದೆ. ಅಂಥ ಹಾಡಿಗೆ ನಡುವಿನ ದನಿಯನ್ನು ತುಸು ಮುಂದೆ ತಂದು, ಉಳಿದದ್ದನ್ನು ಇದ್ದಂತೆ ಬಿಡುವುದೇ ಲೇಸು.

ಈ ಶ್ರಮವೆಲ್ಲ ಬರೀ ಸೊಗಸಿಗಲ್ಲ. ಅಕ್ಷರ ಕೇಳದಿದ್ದಾಗ ನಾವು ಮಾಡುವುದು ಸದ್ದು ಏರಿಸುವ ಕೆಲಸವನ್ನೇ. ದೊಡ್ಡವರಿಗೆ 80 ಡೆಸಿಬೆಲ್ ಸದ್ದಿನಲ್ಲಿ ವಾರಕ್ಕೆ 40 ಗಂಟೆ, ಅದೇ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ಲಿಗೆ ಹೊತ್ತು ಅರ್ಧಕ್ಕಿಳಿಯುತ್ತದೆ. ಅಕ್ಷರ ಬಿಡಿಬಿಡಿಯಾಗಿ ಕೇಳಿದರೆ ಸದ್ದು ಏರಿಸುವ ಅಗತ್ಯವೇ ಬೀಳುವುದಿಲ್ಲ. ಮಕ್ಕಳಿರುವ ಮನೆಗಳಲ್ಲಿ ಇದನ್ನು ದಯವಿಟ್ಟು ಗಮನಿಸಿ.

ಒಂದೇ ಹೆಡ್‌ಫೋನನ್ನು ಅಜ್ಜನೂ ಮೊಮ್ಮಗಳೂ ಹಾಕಿಕೊಳ್ಳುವುದಾದರೆ ಇಬ್ಬರಿಗೂ ಬೇರೆ ಬೇರೆ ಹೊಂದಿಕೆ ಮಾಡಿ, ಹೆಸರಿಟ್ಟು ಉಳಿಸಿಡಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಅಜ್ಜನಿಗೆ 3,000ದ ಮೇಲೆ ತುಸು ಏರಿಸಿದರೆ ಪದ ಬಿಡಿಸಿ ಕೇಳಿಸಬಹುದು. ಎದುರು ಕೂತು ಆಡಿದ ಮಾತೂ ಅವರಿಗೆ ಕೇಳುತ್ತಿಲ್ಲವೆಂದಾದರೆ ಫೋನಿನ ಕಡ್ಡಿಗಳನ್ನು ಬಿಟ್ಟು ಕಿವಿಯ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.