ಕನಕಪುರದಿಂದ ಬೆಂಗಳೂರು ಗ್ರಾಮಾಂತರಕ್ಕೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕು ಸೇರಿದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆ. ಆದರೆ ಇವುಗಳಲ್ಲಿ ಒಂದೂ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿಲ್ಲ. ನಾಲ್ಕೂ ಚಿಕ್ಕಬಳ್ಳಾಪುರ ಕ್ಷೇತ್ರಕ್ಕೆ ಸೇರಿವೆ. ಇದು ಹೇಗಾಯಿತು ಅನ್ನುವುದಕ್ಕೆ ಕನಕಪುರದ ಕಥೆ ಹೇಳಬೇಕು.

2008ಕ್ಕೆ ಮುಂಚೆ ಗ್ರಾಮಾಂತರ ಕ್ಷೇತ್ರದ ಹೆಸರು ಕನಕಪುರ. 1967ರಲ್ಲಿ ಎಂ.ವಿ. ರಾಜಶೇಖರನ್, 1971ರಲ್ಲಿ ಸಿ.ಕೆ. ಜಾಫರ್ ಷರೀಫ್ ಇಲ್ಲಿಂದ ಗೆದ್ದರು. ಆಮೇಲೆ ಎಂ.ವಿ. ಚಂದ್ರಶೇಖರ ಮೂರ್ತಿ ಅವರ ಕಾಲ. 1977ರಿಂದ 1991ರವರೆಗೆ ಸತತ ಐದು ಚುನಾವಣೆ ಗೆದ್ದರು. ರೇಷ್ಮೆ, ರಾಗಿ, ಮಳೆ ನಂಬಿದ ಸೀಮೆ ಒಬ್ಬರನ್ನೇ ಅಷ್ಟು ವರ್ಷ ಉಳಿಸಿಕೊಂಡಿತು.

1996ರಲ್ಲಿ ಎಚ್.ಡಿ. ಕುಮಾರಸ್ವಾಮಿ ಗೆದ್ದರು. ಅದೇ ವರ್ಷ ಅವರ ತಂದೆ ಎಚ್.ಡಿ. ದೇವೇಗೌಡರು ಪ್ರಧಾನಿಯಾದರು. ಎರಡೇ ವರ್ಷಕ್ಕೆ ಕ್ಷೇತ್ರ ಬಿಜೆಪಿಗೆ, 1999ಕ್ಕೆ ಮತ್ತೆ ಮೂರ್ತಿಯವರಿಗೆ. 2002ರ ಉಪಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದರು. ಅದೇ ಗೌಡರು 2004ರಲ್ಲಿ ಹಾಸನದಲ್ಲಿ ಗೆದ್ದು ಇಲ್ಲಿ ಮೂರನೆಯವರಾದರು! ಗೆದ್ದವರು ಪತ್ರಕರ್ತೆಯಾಗಿದ್ದ, ಕಾಂಗ್ರೆಸ್ಸಿನ ತೇಜಸ್ವಿನಿ. ಮಾಜಿ ಪ್ರಧಾನಿಯ ಈ ಸೋಲಿಗೆ ಜನ ನೂರು ಕಾರಣ ಹೇಳಿದರು. ನನಗೆ ಮುಖ್ಯವೆನಿಸುವುದು ಒಂದೇ: ಕ್ಷೇತ್ರದೊಳಗಿದ್ದ ಉತ್ತರಹಳ್ಳಿ ಅಷ್ಟರಲ್ಲಿ ಹಳ್ಳಿಯಾಗಿ ಉಳಿದಿರಲಿಲ್ಲ. ನಗರ ಅತ್ತ ಹರಡಿ ಬಡಾವಣೆಗಳೆದ್ದು, ಮತದಾರರ ಪಟ್ಟಿ ಉಬ್ಬಿತ್ತು.

2001ರ ಜನಗಣತಿ ಹಿಡಿದು ಗಡಿ ತಿದ್ದಿದಾಗ ಕನಕಪುರ ಎಂಬ ಲೋಕಸಭಾ ಕ್ಷೇತ್ರ ಅಳಿಸಿಹೋಯಿತು. ಕುಣಿಗಲ್, ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ ಒಂದು ಕಡೆ. ರಾಜರಾಜೇಶ್ವರಿ ನಗರ, ಬೆಂಗಳೂರು ದಕ್ಷಿಣ, ಆನೇಕಲ್ ಇನ್ನೊಂದು ಕಡೆ. ಈ ಎಂಟೂ ವಿಧಾನಸಭಾ ಕ್ಷೇತ್ರ ಸೇರಿಸಿ ‘ಗ್ರಾಮಾಂತರ’ ಎಂದು ಕರೆದರು. ಬೆಂಗಳೂರು ದಕ್ಷಿಣ ಎಂಬ ವಿಧಾನಸಭಾ ಕ್ಷೇತ್ರ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದಲ್ಲಿಲ್ಲ, ಗ್ರಾಮಾಂತರದಲ್ಲಿದೆ. ಹೊಸಬರಿಗೆ ಇದನ್ನು ವಿವರಿಸುವಷ್ಟರಲ್ಲಿ ಮತದಾನವೇ ಮುಗಿದಿರುತ್ತದೆ.

2009ರಲ್ಲಿ ಕುಮಾರಸ್ವಾಮಿ ಗೆದ್ದರು. ಅವರು ಬಿಟ್ಟ ಸ್ಥಾನಕ್ಕೆ 2013ರಲ್ಲಿ ನಡೆದ ಉಪಚುನಾವಣೆಯಲ್ಲಿ ಡಿ.ಕೆ. ಸುರೇಶ್ ಬಂದರು. 2019ರಲ್ಲಿ ಇಡೀ ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಉಳಿದದ್ದು ಅವರೊಬ್ಬರ ಸ್ಥಾನ. 2024ರಲ್ಲಿ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಬಿಜೆಪಿಯಿಂದ ನಿಂತು ಅವರನ್ನು ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಆ ಅಂತರದ ಬಹುಪಾಲು ಕೊಟ್ಟದ್ದು ರಾಜರಾಜೇಶ್ವರಿ ನಗರ ಮತ್ತು ಬೆಂಗಳೂರು ದಕ್ಷಿಣದ ಮತಗಟ್ಟೆಗಳು.

ಸುರೇಶ್ ಸೋಲಲಿ, ಮಂಜುನಾಥ್ ಗೆಲ್ಲಲಿ, ಅದು ಪಕ್ಷಗಳ ಲೆಕ್ಕ. ನನ್ನ ತಕರಾರು ಬೇರೆ. ಇಲ್ಲಿ ಸುಮಾರು 28 ಲಕ್ಷ ಮತದಾರರಿದ್ದಾರೆ. ಉಡುಪಿ–ಚಿಕ್ಕಮಗಳೂರಿನಲ್ಲಿ 16 ಲಕ್ಷ ಮುಟ್ಟುವುದಿಲ್ಲ. ಎರಡೂ ಕಡೆ ಸಂಸದರು ಒಬ್ಬೊಬ್ಬರೇ. ಬೋರ್‌ವೆಲ್ ಬತ್ತಿದ ಮಾಗಡಿಯ ರೈತನೂ ಮೇಲ್ಸೇತುವೆ ಕೇಳುವ ಫ್ಲ್ಯಾಟ್ ನಿವಾಸಿಯೂ ಅದೇ ಒಬ್ಬರ ಬಾಗಿಲು ತಟ್ಟಬೇಕು. ಮತ ಹೆಚ್ಚಿರುವ ಕಡೆ ಬಾಗಿಲು ಬೇಗ ತೆರೆಯುತ್ತದೆ.

ಮುಂದಿನ ಕ್ಷೇತ್ರ ಮರುವಿಂಗಡಣೆ ಬಂದೇ ಬರುತ್ತದೆ. ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ, ಬಹಿರಂಗ ಸಭೆ ನಡೆಸುತ್ತದೆ. ಕಳೆದ ಸಲ ಈ ವಿಚಾರವನ್ನು ರಾಜಕಾರಣಿಗಳಿಗೇ ಬಿಟ್ಟ ಹಳ್ಳಿಗಳು ಬಹಳ. ಈ ಸಲ ಕರಡನ್ನು ಗ್ರಾಮಸಭೆಯಲ್ಲಿ ಓದಿಸಿ, ನಿಮ್ಮ ಆಕ್ಷೇಪಣೆಯನ್ನು ಬರೆದೇ ಕಳಿಸಿ.