ವೇಣುಗ್ರಾಮದ ಕಲ್ಲು, ಲಂಡನ್ನಿನ ಹಲಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಪರದೇಶದಲ್ಲಿ ಓದುವಾಗ ಏನು ಕಂಡಿರಿ, ಮಕ್ಕಳಿಗೆ ಹೇಳಿರಿ ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದ್ದಾರೆ. ನಾನು ಲಂಡನ್ನಿನಲ್ಲಿ ಓದಿದ್ದು ಸಿವಿಲ್ ಇಂಜಿನಿಯರಿಂಗ್. ಅದನ್ನೇ ಹೇಳುತ್ತ ನಿಂತರೆ ಊಟಕ್ಕೆ ಮೊದಲೇ ಪೆಂಡಾಲು ಖಾಲಿಯಾದೀತು. ಆದ್ದರಿಂದ ರವಿವಾರದ ತಿರುಗಾಟ ಹೇಳುತ್ತೇನೆ.

ಆ ಊರಿನಲ್ಲಿ ಕೋಣೆಯ ಬಾಡಿಗೆ ಕೊಟ್ಟ ಮೇಲೆ ವಿದ್ಯಾರ್ಥಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ. ನಡೆಯುವುದಕ್ಕೆ ಮಾತ್ರ ದುಡ್ಡು ಬೇಡ. ಟವರ್ ಹಿಲ್ ರೈಲು ನಿಲ್ದಾಣದಿಂದ ಹೊರಗೆ ಬಂದರೆ ರೋಮನ್ನರು ಕಟ್ಟಿದ ಕೋಟೆಗೋಡೆಯ ಒಂದು ತುಂಡು ನಿಂತಿದೆ. ಜನ ಅದರ ಪಕ್ಕದಲ್ಲೇ ಕಾಫಿ ಕುಡಿಯುತ್ತ ಕೆಲಸಕ್ಕೆ ಓಡುತ್ತಾರೆ. ಗಿಲ್ಡ್‌ಹಾಲ್ ಎಂಬ ಹಳೆಯ ಸಭಾಭವನದ ಅಂಗಳದ ಕೆಳಗೆ 1988ರಲ್ಲಿ ರೋಮನ್ನರ ಕಾಲದ ದೊಡ್ಡ ಅಖಾಡವೇ ಸಿಕ್ಕಿತು. ಅದರ ಸುತ್ತಳತೆಯನ್ನು ಮೇಲಿನ ಹಾಸುಗಲ್ಲಿನಲ್ಲಿ ಕಪ್ಪು ಗೆರೆಯಾಗಿ ತೋರಿಸಿದ್ದಾರೆ. ಮಕ್ಕಳು ಆ ಗೆರೆಯ ಮೇಲೆ ನಡೆಯುತ್ತವೆ.

ನನ್ನ ಮನಸ್ಸಿಗೆ ನಾಟಿದ ಜಾಗ ಬೇರೆ. ವಾಲ್‌ಬ್ರೂಕ್ ಎಂಬ ಹಳ್ಳ ಹಿಂದೆ ಆ ಊರಿನ ನಡುವೆ ಹರಿಯುತ್ತಿತ್ತು. ಅಲ್ಲಿ 1954ರಲ್ಲಿ ಮಿಥ್ರ ಎಂಬ ದೇವರ ಗುಡಿ ಸಿಕ್ಕಿತ್ತು. ಮುಂದೆ ಅದೇ ಜಾಗದಲ್ಲಿ ಹೊಸ ಕಟ್ಟಡ ಏಳುವಾಗ ಮೊದಲು ಪುರಾತತ್ವದವರು ಅಗೆದರು, ಬುನಾದಿ ಆಮೇಲೆ ಬಿತ್ತು. ಹಳ್ಳದ ಹಸಿ ಕೆಸರು ಕಟ್ಟಿಗೆಯನ್ನು ಕೊಳೆಯಲು ಬಿಟ್ಟಿರಲಿಲ್ಲ. ಬರೆಯುವ ಹಲಗೆಗಳು 405 ಸಿಕ್ಕವು. ಮೇಲಿನ ಮೇಣ ಹೋಗಿದ್ದರೂ ಕೆಳಗೆ ಮೊಳೆಯ ಗೀರು ಉಳಿದಿತ್ತು. ಒಂದರ ಮೇಲೆ ತಾರೀಖೂ ಇದೆ: ಕ್ರಿ.ಶ. 57, ಜನವರಿ 8. ಒಬ್ಬ ಇನ್ನೊಬ್ಬನಿಂದ ಮಾಲು ತೆಗೆದುಕೊಂಡು 105 ದಿನಾರಿ ಬಾಕಿ ಇದ್ದೇನೆ ಎಂದು ಬರೆದುಕೊಟ್ಟ ಪತ್ರ ಅದು. ಉದ್ರಿ ಚೀಟಿ! ನಮ್ಮ ಖಡೇಬಜಾರಿನ ಅಂಗಡಿಯವರು ಕಂಡರೆ ಕೂಡಲೇ ಗುರುತಿಸುತ್ತಾರೆ.

ಆಮೇಲೆ ನಾನು ಗ್ರಂಥಾಲಯದಲ್ಲಿ ನಮ್ಮ ಕಡೆಯ ಹೆಸರುಗಳನ್ನು ಹುಡುಕತೊಡಗಿದೆ. ಎಪಿಗ್ರಾಫಿಯಾ ಇಂಡಿಕಾ ಎಂಬ ಶಾಸನ ಸಂಪುಟಗಳಲ್ಲಿ 13ನೆಯದನ್ನು ತೆರೆದಾಗ ಬೆಳಗಾವಿಯ ಎರಡು ಕನ್ನಡ ಶಾಸನಗಳು ಸಿಕ್ಕವು. ಬಾರ್ನೆಟ್ ಎಂಬ ವಿದ್ವಾಂಸರು ಸಂಪಾದಿಸಿದ್ದರು. ಕಲ್ಲುಗಳಿರುವ ಸ್ಥಳ ಎಂದು ಕೊಟ್ಟಿದ್ದದ್ದು ಬ್ರಿಟಿಷ್ ಮ್ಯೂಸಿಯಂ. ನನ್ನ ಕೋಣೆಯಿಂದ ನಡೆದು ಹೋಗುವಷ್ಟು ದೂರ! ಕಲ್ಲನ್ನು ನಾನು ಮುಟ್ಟಿ ನೋಡಿದವನಲ್ಲ, ಓದಿದ್ದು ಅಚ್ಚಾದ ಪಾಠ.

ಅವು ಶಕ 1127ರವು. ರಟ್ಟರ ನಾಲ್ಕನೆಯ ಕಾರ್ತವೀರ್ಯ ವೇಣುಗ್ರಾಮದಿಂದ, ಎಂದರೆ ನಮ್ಮ ಬೆಳಗಾವಿಯಿಂದ, ಆಳುತ್ತಿದ್ದ. ಬೀಚಣ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ಕೊಟ್ಟ ದತ್ತಿಯ ವಿವರ ಅಲ್ಲಿದೆ. ರಾಜರ ಹೊಗಳಿಕೆಯನ್ನು ನಾನು ಬೇಗ ಬೇಗ ದಾಟಿದೆ. ನಿಂತು ಓದಿದ್ದು ವ್ಯಾಪಾರಿಗಳ ಸಾಲುಗಳನ್ನು. ಊರಿನ ವರ್ತಕರ ಜೊತೆಗೆ ಲಾಳ, ಅಂದರೆ ಗುಜರಾತದ ಕಡೆಯವರು, ಮಲೆಯಾಳದವರು ಕೂಡಿ ದಾನಕ್ಕೆ ಒಪ್ಪಿದ್ದಾರೆ. ಎಂಟುನೂರು ವರ್ಷದ ಹಿಂದೆ ಬೆಳಗಾವಿಯ ಪೇಟೆಯಲ್ಲಿ ಎಷ್ಟು ಭಾಷೆ ಕೇಳಿಸುತ್ತಿದ್ದವೋ! ನಮ್ಮ ತರಗತಿಯಲ್ಲೂ ಅರ್ಧ ಮಕ್ಕಳು ಮನೆಯಲ್ಲಿ ಮರಾಠಿ ಮಾತಾಡುತ್ತಿದ್ದರು, ಬಿಡುವಿನ ವೇಳೆಯಲ್ಲಿ ಚೆಂಡು ಎಲ್ಲರದೂ ಒಂದೇ.

ಇನ್ನು ನಮ್ಮ ಖಾನಾಪುರ ತಾಲ್ಲೂಕಿನ ಹಲಸಿ. ಲಂಡನ್ನಿನವರು ತಮ್ಮ ಕೋಟೆಗೋಡೆಯ ತುಂಡಿಗೆ ಅಷ್ಟು ಬೀಗುವಾಗ ನಾನು ಹಲಸಿಯ ಹೆಸರು ತೆಗೆಯುತ್ತಿದ್ದೆ. ಅದು ಕದಂಬರ ಪಲಾಶಿಕಾ. ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿ ಎದುರು ಬದುರು ಇರುವುದನ್ನು ನೀವೆಲ್ಲ ನೋಡಿದ್ದೀರಿ, ಅಲ್ಲಿಯ ಶಾಸನ 1169ರದು. ಅದಕ್ಕಿಂತ ಹಳೆಯವು ತಾಮ್ರಪಟಗಳು. ನಂದಗಡದ ದಾರಿಯಲ್ಲಿ ಚಕ್ರತೀರ್ಥ ಎಂಬ ಬಾವಿಯ ಹತ್ತಿರದ ದಿಬ್ಬದಲ್ಲಿ ಸಿಕ್ಕವು. ಭಾಷೆ ಸಂಸ್ಕೃತ, ಫ್ಲೀಟ್ ಎಂಬ ಅಧಿಕಾರಿ ಓದಿ ಅಚ್ಚು ಹಾಕಿಸಿದರು. ಮೃಗೇಶವರ್ಮ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿದ್ದು ಒಂದರಲ್ಲಿದೆ. ಅವನ ಮಗ ರವಿವರ್ಮನ ಕಾಲದ ಪಟದಲ್ಲಿ ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಊಟ ನಡೆಯಬೇಕೆಂಬ ಕಟ್ಟಳೆ ಇದೆ. ನಮ್ಮ ಮಳೆ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಪಟಗಳು ಸಿಕ್ಕದ್ದು ಮಣ್ಣಿನ ದಿಬ್ಬದಲ್ಲಿ ಎಂಬುದನ್ನು ಹಿರಿಯರು ಗಮನಿಸಬೇಕು. ಈಗ ನಮ್ಮಲ್ಲೂ ದಿಬ್ಬ ಸಮ ಮಾಡಲು ಜೆಸಿಬಿ ಬರುತ್ತದೆ, ಅರ್ಧ ದಿನದಲ್ಲಿ ಕೆಲಸ ಮುಗಿಸುತ್ತದೆ. ಅಕ್ಷರವಿರುವ ಕಲ್ಲು ಒಗೆಯುವ ಕಲ್ಲಾದದ್ದನ್ನೂ, ತೊಲೆಯ ಕೆಳಗೆ ಸೇರಿದ್ದನ್ನೂ ನಾನು ಕಂಡಿದ್ದೇನೆ. ಇಂಥದು ಎದ್ದರೆ ಯಂತ್ರ ನಿಲ್ಲಿಸಿರಿ, ಫೋಟೋ ತೆಗೆಯಿರಿ, ತಹಶೀಲ್ದಾರರಿಗೆ ತಿಳಿಸಿರಿ. ಒಂದು ದಿನ ತಡವಾದೀತು, ಅಷ್ಟೇ.

ಬೆಳಗಾವಿಯ ಆ ಎರಡು ಶಾಸನಗಳ ಪಾಠದ ನಕಲು ಮಾಡಿಸಿ ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಒಂಬತ್ತನೆಯ ತರಗತಿಯವರು ಊಟವಾದ ಮೇಲೆ ಅಲ್ಲಿಗೆ ಬನ್ನಿರಿ. ವ್ಯಾಪಾರಿಗಳ ಹೆಸರುಗಳನ್ನು ಕೂಡಿಯೇ ಓದೋಣ.