ಮೊಬೈಲಿನಲ್ಲಿ ಬಂದದ್ದು ಒಲೆಯ ತನಕ ಬರಬೇಕಾದರೆ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಇವತ್ತು ನಮಗೆ ಕೊಟ್ಟಿರುವ ವಿಷಯ ‘ಪರಿಸರ ಜಾಗೃತಿಯಲ್ಲಿ ಡಿಜಿಟಲ್ ಮಾಧ್ಯಮದ ಪಾತ್ರ’. ಹೆಸರು ಸ್ವಲ್ಪ ದೊಡ್ಡದಾಯಿತು. ಡಿಜಿಟಲ್ ಮಾಧ್ಯಮ ಅಂದರೆ ನಮ್ಮ ಮಟ್ಟಿಗೆ ಏನು? ಕೈಯಲ್ಲಿರುವ ಮೊಬೈಲು, ಅದರೊಳಗಿನ ವಾಟ್ಸಾಪು, ಯೂಟ್ಯೂಬು. ಪರಿಸರ ಅಂದರೆ ಕಾಡು, ನದಿ, ಸಮುದ್ರ ಎಲ್ಲವೂ ಹೌದು. ಆದರೆ ಇವತ್ತು ನಾವು ಅಷ್ಟು ದೂರ ಹೋಗುವುದು ಬೇಡ. ನಮ್ಮ ಮನೆಯ ಬಚ್ಚಲ ಒಲೆಯ ತನಕ ಹೋದರೆ ಸಾಕು.

ಬೆಳಿಗ್ಗೆ ಹಂಡೆಗೆ ನೀರು ತುಂಬಿಸಿ ಬೆಂಕಿ ಹಾಕುವವರು ನಮ್ಮಲ್ಲಿ ಇನ್ನೂ ತುಂಬ ಜನ ಇದ್ದೀರಿ. ಮಳೆಗಾಲದಲ್ಲಿ ಸೌದೆ ಹಸಿ, ಮಡಲು ಒದ್ದೆ. ಮಕ್ಕಳಿಗೆ ಶಾಲೆಗೆ ಹೊತ್ತಾಗುತ್ತದೆ. ಆಗ ಕೈಗೆ ಸಿಗುವುದು ಏನು? ಹಾಲಿನ ತೊಟ್ಟೆ, ಬಿಸ್ಕತ್ತಿನ ಕಾಗದ, ಹರಿದ ಚಪ್ಪಲಿ. ಒಂದು ಕಡ್ಡಿ ಗೀರಿದರೆ ಸಾಕು, ಭಗ್ ಅಂತ ಹತ್ತಿಕೊಳ್ಳುತ್ತದೆ. ಕಸವೂ ಖಾಲಿ, ನೀರೂ ಬಿಸಿ. ಇದರಲ್ಲಿ ಏನು ತಪ್ಪು ಸಿಸ್ಟರ್ ಅಂತ ಮನೆ ಭೇಟಿಗೆ ಹೋದಾಗ ಕೇಳುತ್ತಾರೆ. ಕೇಳುವುದು ನ್ಯಾಯವೇ. ಪ್ಲಾಸ್ಟಿಕ್ಕನ್ನು ಮನೆಯಿಂದ ಹೊರಗೆ ಸಾಗಿಸಲು ದಾರಿ ಇಲ್ಲದಿದ್ದರೆ ಅವರು ಬೇರೆ ಏನು ಮಾಡಬೇಕು?

ಆದರೆ ಆ ಹೊಗೆ ಸೌದೆಯ ಹೊಗೆಯಂತಲ್ಲ. ಪ್ಲಾಸ್ಟಿಕ್ಕಿನಲ್ಲಿ ಪಿವಿಸಿ ಅಂತ ಒಂದು ಜಾತಿ ಇದೆ. ಪೈಪು, ವಯರಿನ ಹೊದಿಕೆ, ಕೆಲವು ಚಪ್ಪಲಿಗಳು ಅದರಿಂದಲೇ ಆಗುವುದು. ಅದು ಸಣ್ಣ ಬೆಂಕಿಯಲ್ಲಿ ಅರೆಬರೆ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದು ಕ್ಯಾನ್ಸರಿಗೆ ಕಾರಣವಾಗಬಲ್ಲದು, ರೋಗ ತಡೆಯುವ ಶಕ್ತಿಯನ್ನೂ ಗರ್ಭದಲ್ಲಿರುವ ಮಗುವಿನ ಬೆಳವಣಿಗೆಯನ್ನೂ ಕೆಡಿಸಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹದ ಕೊಬ್ಬಿನಲ್ಲಿ ಸೇರಿದ ಡಯಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು 7ರಿಂದ 11 ವರ್ಷ ಬೇಕು. ಎದೆಹಾಲಿನ ಮೂಲಕ ಮಗುವಿಗೂ ಹೋಗುತ್ತದೆ. ಹಾಲಿನ ತೊಟ್ಟೆ ಪಿವಿಸಿ ಅಲ್ಲ, ನಿಜ. ಆದರೆ ಅದರ ಹೊಗೆಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಲ್ಲದೆ ಒಲೆಗೆ ಹಾಕುವಾಗ ಯಾವುದು ಯಾವ ಜಾತಿ ಅಂತ ಯಾರು ನೋಡುತ್ತಾರೆ? ಇನ್ನೊಂದು ಮಾತು. ಅದೇ ಒಲೆಯ ಬೂದಿಯನ್ನು ನಾವು ಏನು ಮಾಡುತ್ತೇವೆ? ಬಸಳೆ ಬುಡಕ್ಕೆ ಹಾಕುತ್ತೇವೆ, ಪಾತ್ರೆ ತಿಕ್ಕುತ್ತೇವೆ. ಹೊಗೆ ಹೋಯಿತು ಅಂದುಕೊಂಡರೂ ಉಳಿದದ್ದು ತಟ್ಟೆಗೇ ಬರುತ್ತದೆ. ಒಲೆಯ ಮುಂದೆ ಕೂತು ಊದುವವರು ಹೆಚ್ಚಾಗಿ ಹೆಂಗಸರೇ, ಪಕ್ಕದಲ್ಲಿ ಚಳಿ ಕಾಯಿಸುತ್ತ ಕೂತಿರುವುದು ಮಗು.

ಈಗ ಮೊಬೈಲಿನ ವಿಷಯಕ್ಕೆ ಬರೋಣ. 2017ರಲ್ಲಿ ‘ಪ್ಲಾಸ್ಟಿಕ್ ಅಕ್ಕಿ’ ಅಂತ ಒಂದು ಸುದ್ದಿ ಹಬ್ಬಿತ್ತು, ನೆನಪಿದೆಯಾ? ಅನ್ನವನ್ನು ಉಂಡೆ ಮಾಡಿ ನೆಲಕ್ಕೆ ಚೆಂಡಿನಂತೆ ಪುಟಿಸುವ ವಿಡಿಯೋ. ಅನ್ನದ ಪಿಷ್ಟಕ್ಕೆ ಅಂಟುವ ಗುಣ ಇದೆ, ಒತ್ತಿ ಕಟ್ಟಿದರೆ ಒಳ್ಳೆಯ ಅನ್ನವೂ ಪುಟಿಯುತ್ತದೆ. ಆ ಭಯ ಅಲ್ಲಿಗೇ ನಿಲ್ಲಲಿಲ್ಲ. ಆಮೇಲೆ ರೇಷನ್ನಿನಲ್ಲಿ, ಶಾಲೆಯ ಬಿಸಿಯೂಟದಲ್ಲಿ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಜೀವಸತ್ವ ಸೇರಿಸಿದ ಸಾರವರ್ಧಿತ ಅಕ್ಕಿಕಾಳು ಬೆರೆಸಿ ಕೊಡಲು ಶುರುವಾದಾಗ, ನೀರಿನಲ್ಲಿ ತೇಲುವ ಆ ಕಾಳುಗಳನ್ನೇ ಪ್ಲಾಸ್ಟಿಕ್ ಅಂತ ಆರಿಸಿ ಎಸೆದವರಿದ್ದಾರೆ. ರಕ್ತಹೀನತೆ ಇರುವ ನಮ್ಮ ಹೆಣ್ಣುಮಕ್ಕಳಿಗೆ ಬಂದ ಕಾಳು ಕೋಳಿಗೆ ಹೋಯಿತು! ಇಲ್ಲದ ಪ್ಲಾಸ್ಟಿಕ್ಕಿನ ಭಯ ಮನೆಮನೆಗೆ ತಲುಪಿತು. ನಿಜವಾಗಿ ಒಲೆಯಲ್ಲಿ ಉರಿಯುವ ಪ್ಲಾಸ್ಟಿಕ್ಕಿನ ಸುದ್ದಿ ಯಾರ ಮೊಬೈಲಿಗೂ ಬರಲಿಲ್ಲ. ಮಾಧ್ಯಮಕ್ಕೆ ಶಕ್ತಿ ಇದೆಯೋ ಅಂತ ಕೇಳುವವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ನಿಜವಾದ ಸುದ್ದಿಗಳೂ ಬರುತ್ತವೆ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಮೇಲೆ ಬಂತು. ತೆಂಗು, ಅಡಿಕೆ ತೋಟಗಳೊಳಗೆ ಕಸ ನುಗ್ಗಿತು, ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಆ ವಿಡಿಯೋ ನೋಡಿ ‘ಅಯ್ಯೋ ಪಾಪ’ ಅಂದವರೇ ಎಲ್ಲರೂ. 2021ರ ನವೆಂಬರಿನಲ್ಲಿ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಬರಿಗಾಲಲ್ಲಿ ನಡೆದುಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದ ಫೋಟೋ ಕೂಡ ಎಲ್ಲರ ಮೊಬೈಲಿನಲ್ಲೂ ಓಡಾಡಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಅದೇ ಫೋಟೋ ಮತ್ತೆ ಬಂತು, ಕೈಮುಗಿದ ಗುರುತುಗಳೂ ಬಂದವು. ಕೈಮುಗಿದವರಲ್ಲಿ ಎಷ್ಟು ಜನ ಒಂದು ಬೀಜ ಊರಿದರು? ಪಚ್ಚನಾಡಿಯ ವಿಡಿಯೋ ನೋಡಿದ ಮರುದಿನ ಹಸಿ ಕಸ, ಒಣ ಕಸ ಬೇರೆ ಮಾಡಿದವರು ಎಷ್ಟು? ಕನಿಕರ, ಗೌರವ ಎರಡೂ ಒಳ್ಳೆಯವೇ. ಆದರೆ ಬೆರಳು ಒತ್ತಿದ ಕೂಡಲೇ ಕೆಲಸ ಮುಗಿಯಿತು ಅಂತ ಮನಸ್ಸಿಗೆ ಸಮಾಧಾನ ಆಗಿಬಿಡುತ್ತದೆ. ಅದೇ ತೊಂದರೆ.

ಹಾಗಾದರೆ ಅಭ್ಯಾಸ ಬದಲಾಗುವುದು ಯಾವಾಗ? ನಮ್ಮ ಅನುಭವದಲ್ಲಿ, ಪರಿಚಯದವಳು, ನಮ್ಮಷ್ಟೇ ಕಷ್ಟ ಇರುವವಳು ಮಾಡಿ ತೋರಿಸಿದಾಗ. ನಮ್ಮ ಒಂದು ಸಂಘದವರು ಉಳಿತಾಯದ ಹಣದಲ್ಲಿ ಸ್ಟೀಲಿನ ತಟ್ಟೆ, ಲೋಟ ತೆಗೆದು ಊರಿನ ಕಾರ್ಯಕ್ರಮಗಳಿಗೆ ಬಾಡಿಗೆಗೆ ಕೊಡುತ್ತಿದ್ದಾರೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು ದೇಶದಲ್ಲೆಲ್ಲ 2022ರ ಜುಲೈ 1ರಿಂದಲೇ ನಿಷೇಧ, ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ತರುತ್ತಿದ್ದರು. ಒಂದು ನಾಮಕರಣದ ಊಟ ಮುಗಿದ ಮೇಲೆ ಅಂಗಳ ಹೇಗೆ ಚೊಕ್ಕಟವಾಗಿತ್ತು ಅಂತ ಅವರು ಫೋಟೋ ತೆಗೆದು ಒಕ್ಕೂಟದ ಗುಂಪಿಗೆ ಹಾಕಿದರು. ಫೋಟೋ ಏನೂ ಚಂದ ಇರಲಿಲ್ಲ, ಅರ್ಧಕ್ಕೆ ಬೆರಳು ಅಡ್ಡ ಬಂದಿತ್ತು. ಆದರೆ ಆ ದಿನವೇ ಬೇರೆ ಸಂಘದವರು ಕೇಳತೊಡಗಿದರು: ‘ತಟ್ಟೆಗೆ ಎಷ್ಟಾಯಿತು ಅಕ್ಕಾ? ಬಾಡಿಗೆ ಎಷ್ಟು? ತೊಳೆಯುವುದು ಯಾರು?’ ತೊಳೆಯುವುದು ಯಾರು ಅಂತ ಕೇಳಿದಾಗಲೇ ನಮಗೆ ನಂಬಿಕೆ ಬಂತು. ಮಾಡುವ ಮನಸ್ಸಿಲ್ಲದವರು ಆ ಪ್ರಶ್ನೆ ಕೇಳುವುದಿಲ್ಲ.

ಹಾಗಾಗಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಕ್ರಮ ಇಟ್ಟುಕೊಳ್ಳಿ. ಬೇರೆ ಎಲ್ಲಿಂದಲೋ ಬಂದದ್ದನ್ನು ದಾಟಿಸುವುದು ಬೇಡ, ನಮ್ಮ ಊರಿನದು ಮಾತ್ರ ಬರಲಿ. ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಕೈಯಿಂದ ಕೈಗೆ ತುಂಬ ಸಲ ದಾಟಿ ಬಂದದ್ದು ಅಂತ ಅರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಕಳಿಸುವಂತೆ ಆ ಕಂಪನಿಯವರೇ 2020ರಲ್ಲಿ ಮಿತಿ ಹಾಕಿದ್ದಾರೆ. ಅವರಿಗೇ ಹೆದರಿಕೆ ಅಂದ ಮೇಲೆ ನಾವು ಸ್ವಲ್ಪ ನಿಧಾನ ಮಾಡಬಾರದಾ?

ಓದು ಬಾರದ ಸದಸ್ಯೆಯರನ್ನು ಬಿಟ್ಟುಬಿಡಬೇಡಿ. ಮೈಕಿನ ಗುರುತು ಒತ್ತಿಹಿಡಿದು ಮಾತಾಡಿ ಕಳಿಸಿದರೆ ಅವರಿಗೂ ಮುಟ್ಟುತ್ತದೆ. ತುಳುವೋ ಕೊಂಕಣಿಯೋ, ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿ. ಕೆಲವರ ಮನೆಯಲ್ಲಿ ಮೊಬೈಲು ಇರುವುದು ಗಂಡನ ಕೈಯಲ್ಲೋ ಮಗನ ಕೈಯಲ್ಲೋ. ಇದನ್ನು ನಾವು ಮರೆಯಬಾರದು. ಅಂಥವರಿಗೆ ವಾರದ ಸಭೆಯಲ್ಲೇ ತೋರಿಸಬೇಕು. ಸಭೆ ಇಲ್ಲದೆ ಮೊಬೈಲು ಒಂದೇ ಈ ಕೆಲಸ ಮಾಡುತ್ತದೆ ಅಂತ ನಮಗಂತೂ ಅನ್ನಿಸುವುದಿಲ್ಲ. ಉಳಿತಾಯದ ಪುಸ್ತಕ ನೋಡುವಾಗ ಹೇಗೆ ಪ್ರತಿಯೊಬ್ಬರ ಹೆಸರು ಕರೆದು ಕೇಳುತ್ತೇವೋ, ಹಾಗೆಯೇ ‘ಈ ವಾರ ಒಲೆಗೆ ಏನು ಹಾಕಿದಿರಿ?’ ಅಂತ ಒಂದು ಪ್ರಶ್ನೆ ಇರಲಿ. ಮೊದಲು ನಗುತ್ತೀರಿ. ನಗಿ, ಪರವಾಗಿಲ್ಲ.

ಒಲೆ ಹೊತ್ತಿಸಲು ಕರಟ, ಒಣಗಿದ ತೆಂಗಿನ ಸಿಪ್ಪೆ, ಬೇಸಿಗೆಯಲ್ಲೇ ಚೀಲದಲ್ಲಿ ತುಂಬಿಟ್ಟ ತರಗೆಲೆ ಸಾಕು. ಹಾಲಿನ ತೊಟ್ಟೆಯನ್ನು ತುದಿ ಪೂರ್ತಿ ಕತ್ತರಿಸದೆ, ತೊಳೆದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ. ಆ ಸಣ್ಣ ತುಂಡೇ ತೋಟಕ್ಕೆ, ದನದ ಹೊಟ್ಟೆಗೆ ಹೋಗುವುದು. ಹಳೆಯ ಮೊಬೈಲು, ಅದರ ಬ್ಯಾಟರಿ, ಚಾರ್ಜರಿನ ವಯರು ಇವನ್ನು ಯಾವ ಕಾರಣಕ್ಕೂ ಬೆಂಕಿಗೆ ಹಾಕಬೇಡಿ, ಬ್ಯಾಟರಿ ಸಿಡಿಯುತ್ತದೆ.

ಒಣಗಿಸಿದ ಮೇಲೆ ಯಾರಿಗೆ ಕೊಡುವುದು ಅನ್ನುವುದು ದೊಡ್ಡ ಪ್ರಶ್ನೆ. ಅನೇಕ ಪಂಚಾಯತಿಗಳಲ್ಲಿ ಸಂಜೀವಿನಿ ಒಕ್ಕೂಟದ ಹೆಂಗಸರೇ ಗಾಡಿ ಓಡಿಸಿ ಕಸ ಸಂಗ್ರಹಿಸಿ ವಿಂಗಡಿಸುತ್ತಿದ್ದಾರೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ, ದಕ್ಷಿಣ ಕನ್ನಡದ ತೆಂಕ ಎಡಪದವಿನಲ್ಲಿ ಹಲವು ಪಂಚಾಯತಿಗಳ ಒಣ ಕಸ ತೆಗೆದುಕೊಳ್ಳುವ ದೊಡ್ಡ ಘಟಕಗಳಿವೆ. ಆದರೆ ಒಳಗಿನ ಮನೆಗಳಿಗೆ, ಗುಡ್ಡದ ಮೇಲಿನ ಕಾಲನಿಗಳಿಗೆ ಗಾಡಿ ಬರುವುದಿಲ್ಲ ಅಂತ ನೀವು ಹೇಳುತ್ತಲೇ ಇದ್ದೀರಿ. ಗಾಡಿ ಬಾರದ ಮನೆಯವಳಿಗೆ ‘ಸುಡಬೇಡ’ ಅಂತ ವಿಡಿಯೋ ಕಳಿಸಿದರೆ ಅವಳಿಗೆ ಸಿಟ್ಟು ಬರುವುದೇ ಸರಿ. ಇಲ್ಲಿಯೂ ಮೊಬೈಲಿಗೆ ಕೆಲಸ ಇದೆ. ಗಾಡಿ ಯಾವ ತಿರುವಿನ ತನಕ ಬರುತ್ತದೆ, ಅಲ್ಲಿಂದ ಆಚೆ ಎಷ್ಟು ಮನೆ ಇವೆ, ರಾಶಿ ಎಲ್ಲಿ ಬೀಳುತ್ತಿದೆ ಅಂತ ದಿನಾಂಕ ಸಮೇತ ಫೋಟೋ ತೆಗೆಯಿರಿ. ಯಾರ ಮನೆಯ ಒಲೆಯನ್ನೂ ಕೇಳದೆ ತೆಗೆಯಬೇಡಿ, ಯಾರ ಮುಖವನ್ನೂ ಹಾಕಬೇಡಿ. ನಮ್ಮ ಜಗಳ ನೆರೆಮನೆಯವಳ ಜೊತೆ ಅಲ್ಲ.

ಮುಂದಿನ ಗ್ರಾಮಸಭೆಗೆ ಆ ಫೋಟೋಗಳನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಸಂಘದ ಠರಾವಿನ ಜೊತೆ ಅರ್ಜಿ ಕೊಡೋಣ, ಸ್ವೀಕೃತಿ ಪಡೆಯೋಣ. ಅರ್ಜಿ ಬರೆಯಲು ಕಷ್ಟವಾಗುವವರು ಮಂಗಳವಾರ ಮಧ್ಯಾಹ್ನ ನಮ್ಮ ಕಚೇರಿಗೆ ಬನ್ನಿ, ಕಾರ್ಯಕರ್ತೆಯರು ಇರುತ್ತಾರೆ. ಬರುವಾಗ ಗಾಡಿ ಬಾರದ ಮನೆಗಳ ಲೆಕ್ಕ ತನ್ನಿ.